ಭೀಮಾ ತೀರದಲ್ಲಿ ಬಾಡಿಗೆ ಮನೆ!

ಸಿನಿಮಿತ್ರರೇ, 2012ರಲ್ಲಿ ಬಂದ ‘ಭೀಮಾ ತೀರದಲ್ಲಿ’ ಚಿತ್ರ ನಿಮಗೆ ನೆನಪಿರಬೇಕು. ಓಂಪ್ರಕಾಶ್ ರಾವ್ ನಿರ್ದೇಶನ, ದುನಿಯಾ ವಿಜಯ್ ನಾಯಕ. ಅದನ್ನು ನೋಡಿ ಹೊರಬಂದ ಬೆಂಗಳೂರಿನವರಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಭೀಮಾ ನದಿಯ ದಂಡೆಯಲ್ಲಿ ಹುಟ್ಟಿದ ಕೂಸು ಕೂಡ ತೊಟ್ಟಿಲಲ್ಲಿ ಗಿಲಕಿ ಬದಲು ಕಂಟ್ರಿ ಪಿಸ್ತೂಲು ಹಿಡಿದು ಆಡುತ್ತದೆ! ಇಂಡಿ, ಸಿಂದಗಿ ಅಂದರೆ ಸಾಕು, ಗಾಂಧಿನಗರದ ಚಹಾದಂಗಡಿಯಲ್ಲಿ ಗಂಟಲು ತಗ್ಗುತ್ತದೆ. ‘ಅಲ್ಲಿಗಾ? ಹುಷಾರು ಮಾರಾಯ...’

ಆ ‘ಅಲ್ಲಿಗೆ’ ನಾನು ಸಂಸಾರ ಸಮೇತ ಹೋಗಿ ನೆಲೆಸುವ ಪ್ರಸಂಗ ಬಂದಿದೆ.

ಕಾರಣ ನಾನಲ್ಲ, ನನ್ನ ಹೆಂಡತಿ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಪೆನ್ನು ಹಿಡಿದವನನ್ನು ಯಾವ ಸರಕಾರ ಕರೆದು ಕೆಲಸ ಕೊಟ್ಟೀತು? ಆಕೆ ಓದಿದವಳು. ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಇಡೀ ದಿನ ನಿಂತು ಪಾಠ ಹೇಳಿ, ರಾತ್ರಿ ಕೂತು ಓದಿ, ಪ್ರಾಥಮಿಕ ಶಾಲಾ ಶಿಕ್ಷಕರ ಪರೀಕ್ಷೆ ಪಾಸು ಮಾಡಿದ್ದಾಳೆ. ಹುದ್ದೆ ಹೆಚ್ಚು ಖಾಲಿ ಇದೆ ಎಂದು ಅರ್ಜಿ ಹಾಕಿದ್ದು ವಿಜಯಪುರ ಜಿಲ್ಲೆಗೆ. ಇನ್ನು ಉಳಿದಿರುವುದು ಕೌನ್ಸೆಲಿಂಗ್. ರ್‍ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಮುಂದೆ ಇದ್ದವರು ಒಳ್ಳೆಯ ಊರು ಆರಿಸಿಕೊಂಡ ಮೇಲೆ ಉಳಿದದ್ದರಲ್ಲಿ ಹಿಂದೆ ಇದ್ದವರು ಆರಿಸಿಕೊಳ್ಳಬೇಕು. ಟಿಕೇಟಿನ ಕ್ಯೂ ಇದ್ದಂತೆಯೇ. ಬಾಲ್ಕನಿ ಮುಗಿದರೆ ಗಾಂಧಿ ಕ್ಲಾಸು! ಜಿಲ್ಲಾ ಕೇಂದ್ರದ ಆಸೆ ನಮ್ಮ ರ್‍ಯಾಂಕಿಗೆ ಇಲ್ಲ. ಲೆಕ್ಕ ಹಾಕಿದರೆ ನಮ್ಮ ಪಾಲಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೇ.

“ಕಾಗದದ ಮೇಲೆ ಊರು ಆರಿಸೋಕೆ ನಾನು ಒಪ್ಪಲ್ಲ. ನೀವು ಹೋಗಿ ನೋಡ್ಕೊಂಡು ಬನ್ನಿ. ನೀರು, ಬಸ್ಸು, ಆಸ್ಪತ್ರೆ, ಈ ಮೂರು ಮೊದಲು. ಟಾಕೀಸು ಆಮೇಲೆ” ಅಂದಳು. ಆಸ್ಪತ್ರೆ ಏಕೆಂದರೆ ನಮ್ಮ ಅವ್ವ. ಎದೆ ನೋವಿನ ಮಾತ್ರೆಯ ಮೇಲೆ ಇರುವವಳು, ತಿಂಗಳಿಗೊಮ್ಮೆ ಡಾಕ್ಟರ ಮುಖ ನೋಡಲೇಬೇಕು. ಈ ನೆವದಲ್ಲಾದರೂ ಹಾವೇರಿ ಕಡೆಯ ನಮ್ಮ ಹಳ್ಳಿಯಿಂದ ಅವಳನ್ನು ಕರೆತಂದು ಜೊತೆಗೆ ಇಟ್ಟುಕೊಳ್ಳುವ ಆಸೆ. ಬೆಂಗಳೂರಿನ ಶ್ರೀರಾಮಪುರದ ಒಂದೂವರೆ ಕೋಣೆಯಲ್ಲಿ ಅದು ಆಗಿರಲಿಲ್ಲ. ಎಂಟು ಸಾವಿರ ಬಾಡಿಗೆ ಕೊಟ್ಟು, ಕಿಟಕಿ ತೆರೆದರೆ ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನನ್ನ ಸಂಪಾದನೆ ಹೇಗೆಂದು ಕೇಳಬೇಡಿ. ಒಂದು ಪತ್ರಿಕೆಯವರು ಆರು ತಿಂಗಳ ಲೇಖನಗಳಿಗೆ ಇನ್ನೂ ‘ಚೆಕ್ ರೆಡಿ ಇದೆ’ ಅನ್ನುತ್ತಲೇ ಇದ್ದಾರೆ.

ಸರಿ, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ.

ಬೆಳಗ್ಗೆ ವಿಜಯಪುರದಲ್ಲಿ ಇಳಿದವನಿಗೆ ಗುಮ್ಮಟಕ್ಕಿಂತ ಮೊದಲು ನೆನಪಾದದ್ದು ಅಮೀರಬಾಯಿ ಕರ್ನಾಟಕಿ. ಇದೇ ಸೀಮೆಯ ಬೀಳಗಿಯ ಹೆಣ್ಣುಮಗಳು. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ, ಆಗ ಇದೇ ಬಿಜಾಪುರ ಜಿಲ್ಲೆ. ಅಕ್ಕ ಗೋಹರಬಾಯಿಯ ಹಾಗೆ ಈಕೆಯೂ ಮುಂಬೈ ಸೇರಿದಳು. 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ಇಡೀ ದೇಶದ ಕಿವಿ ತನ್ನತ್ತ ತಿರುಗಿಸಿದಳು. ದುಡ್ಡು ಬಂದಾಗ ಏನು ಮಾಡಿದಳು ಗೊತ್ತೆ? ಬಿಜಾಪುರದಲ್ಲಿ ‘ಅಮೀರ ಟಾಕೀಸ್’ ಕಟ್ಟಿಸಿದಳು! ಊರು ಬಿಟ್ಟವರು ಊರಿಗೆ ಗುಡಿ ಕಟ್ಟಿಸುವುದುಂಟು, ಛತ್ರ ಕಟ್ಟಿಸುವುದುಂಟು. ಚಿತ್ರಮಂದಿರ ಕಟ್ಟಿಸಿದವರು ಎಷ್ಟು ಜನ? 1965ರಲ್ಲಿ ಆಕೆ ತೀರಿಕೊಂಡಳು. ಇಲ್ಲಿಂದ ಮುಂಬೈಗೆ ಹೋದವಳ ಕತೆ ಅದು. ನಾನು ಸಿನಿಮಾದ ಊರು ಬಿಟ್ಟು ಇಲ್ಲಿಗೆ ಬರುವವನು. ರೀಲು ಉಲ್ಟಾ ತಿರುಗಿದ ಹಾಗೆ.

ಮೊದಲು ಇಂಡಿ. ವಿಜಯಪುರದಿಂದ ಸುಮಾರು ಐವತ್ತು ಕಿಲೋಮೀಟರ್, ಉತ್ತರ ದಿಕ್ಕು. ರೈಲೂ ಉಂಟು, ‘ಇಂಡಿ ರೋಡ್’ ಎಂಬ ನಿಲ್ದಾಣ. ಓದುಗರು ಒಂದು ಗುಟ್ಟು ತಿಳಿದಿರಲಿ. ನಿಲ್ದಾಣದ ಹೆಸರಿಗೆ ‘ರೋಡ್’ ಎಂಬ ಬಾಲ ಬಂತೆಂದರೆ ಊರು ಅಲ್ಲಿಲ್ಲ ಎಂದೇ ಅರ್ಥ. ಇಳಿದು ಮತ್ತೊಂದು ಗಾಡಿ ಹಿಡಿಯಲೇಬೇಕು. ಹಾಗಾಗಿ ನಾನು ಬಸ್ಸನ್ನೇ ಹತ್ತಿದೆ. ಬಸ್ಸಿನ ಮೈಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿತ್ತು. ನೋಡಿ ತಮಾಷೆ! 371(ಜೆ) ಕಲಮಿನ ಮೀಸಲಾತಿ ಭೀಮಾ ನದಿಯ ಆಚೆ ದಂಡೆಯ ಅಫಜಲಪುರದವನಿಗೆ ಉಂಟು, ಈಚೆ ದಂಡೆಯ ಇಂಡಿಯವನಿಗೆ ಇಲ್ಲ. ಬಸ್ಸು ಮಾತ್ರ ಇಬ್ಬರಿಗೂ ಕಲ್ಯಾಣದ್ದೇ.

ಇಂಡಿಯಲ್ಲಿ ಪಿಸ್ತೂಲು ಹುಡುಕಿದವನಿಗೆ ಸಿಕ್ಕಿದ್ದು ನಿಂಬೆಹಣ್ಣು! ಗಿಡದಲ್ಲಿ ನಿಂಬೆ, ಗೋಣಿಚೀಲದಲ್ಲಿ ನಿಂಬೆ, ಟೆಂಪೋದಲ್ಲಿ ನಿಂಬೆ. ‘ಇಂಡಿ ನಿಂಬೆ’ಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರುವುದು ಬೆಂಗಳೂರಿನಲ್ಲಲ್ಲ, ಇದೇ ಊರಿನಲ್ಲಿ. ಕಾಗಜಿ ತಳಿಯ ತೆಳು ಸಿಪ್ಪೆ, ಕೈಯಲ್ಲಿ ಹಿಡಿದರೆ ರಸ ತಾನೇ ಬರುವಂತಿರುತ್ತದೆ.

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಬಿಳಿಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಪಕ್ಕದ ರೈತರೊಬ್ಬರ ಜೊತೆ ಮಾತಿಗೆ ಕೂತೆ. “ಬ್ಯಾಸಿಗಿ ಒಳಗ ನಿಂಬಿಗೆ ರೇಟ್ ಬರ್ತದ್ರಿ. ಆದ್ರ ಬ್ಯಾಸಿಗಿ ಒಳಗ ಗಿಡಕ್ಕ ನೀರ ಇರಂಗಿಲ್ಲ. ಮಳಿ ಬಂತಂದ್ರ ಕಾಯಿ ಭರಪೂರ, ರೇಟ್ ಇಲ್ಲ. ಇಷ್ಟ ನೋಡ್ರಿ ನಮ್ಮ ಸಿನಿಮಾ” ಅಂದರು. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಗಿಡ ಉಳಿಸಿಕೊಂಡ ಮಂದಿ ಇವರು. ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ ಬಂದಿದೆ ನಿಜ. ಆದರೆ ಕಾಲುವೆಯ ಬಾಲದಲ್ಲಿ ಕೂತವರ ಪಾಡು ಹಿಂದಿನ ಬೆಂಚಿನಲ್ಲಿ ಕೂತು ಊಟಕ್ಕೆ ಕಾಯುವವರ ಪಾಡು. ನಾನು ಇಲ್ಲಿ ಬಾಡಿಗೆಗೆ ಬರುವ ವಿಚಾರ ಹೇಳಿದಾಗ ಆ ಹಿರಿಯರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಕ್ಕರು. “ನಮ್ಮ ಹುಡುಗೂರು ಪುಣೆ, ಗೋವಾ ಅಂತ ಗುಳೆ ಹೊಂಟಾವು. ನೀವು ಬೆಂಗ್ಳೂರ ಬಿಟ್ಟು ಇಲ್ಲಿಗಿ ಬರ್ತೀರಿ? ಬರ್ರಿ ಬರ್ರಿ, ಲೆಕ್ಕ ಸರಿ ಆಗ್ತದ!”

ಭೀಮಾ ತೀರದ ಇನ್ನೊಂದು ಕತೆಯನ್ನು ಯಾವ ನಿರ್ಮಾಪಕನೂ ಮುಟ್ಟಿದಂತಿಲ್ಲ. ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಹೊಸ ಚಡಚಣ ತಾಲೂಕಿಗೆ ಸೇರಿದ ಹಲಸಂಗಿ ಎಂಬ ಹಳ್ಳಿ ಇದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರ ತಂಡ ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬೀಸುಕಲ್ಲಿನ ಪದ, ಕುಟ್ಟುವ ಪದ ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ನಮ್ಮ ಚಿತ್ರಗೀತೆಗಳಲ್ಲಿ ಜನಪದದ ಧಾಟಿ ಕೇಳಿ ನೀವು ಸೀಟಿ ಹೊಡೆಯುತ್ತೀರಲ್ಲ, ಅಂಥ ಪದಗಳನ್ನು ಮೊದಮೊದಲಿಗೆ ಸಂಗ್ರಹಿಸಿದವರ ಸಾಲಿನಲ್ಲಿ ಈ ಭೀಮಾ ತೀರದವರೇ ಇದ್ದಾರೆ. ಹಂತಕರ ಕತೆಗೆ ಬಂಡವಾಳ ಸಿಗುತ್ತದೆ, ಹಾಡು ಹುಡುಕಿದವರ ಕತೆಗೆ ಸಿಗುವುದಿಲ್ಲ. ಗಾಂಧಿನಗರದ ಮೇಲೆ ನನಗಿರುವ ಸಿಟ್ಟಿನಲ್ಲಿ ಇದೂ ಒಂದು.

ಇಂಡಿಯ ಇನ್ನೊಂದು ಗುಣವೆಂದರೆ ಸೊಲ್ಲಾಪುರದ ನಂಟು. ದವಾಖಾನೆಗೆ, ಮದುವೆ ಜವಳಿಗೆ, ಪಿಕ್ಚರಿಗೆ ಕೂಡ ಇಲ್ಲಿನವರು ಆ ಕಡೆ ಮುಖ ಮಾಡುತ್ತಾರೆ. ಗಡಿಯ ಹಳ್ಳಿಗಳಲ್ಲಿ ಮರಾಠಿ ಸಲೀಸಾಗಿ ಓಡುತ್ತದೆ. ಒಂದನೇ ಇಯತ್ತೆಯ ಮಗು ಮರಾಠಿಯಲ್ಲೋ ಲಂಬಾಣಿಯಲ್ಲೋ ನೀರು ಕೇಳಿದರೆ ನನ್ನ ಹೆಂಡತಿ ಏನು ಮಾಡಿಯಾಳು? ಇದನ್ನು ಫೋನಿನಲ್ಲಿ ಕೇಳಿದೆ. “ನೀರು ಕೊಡ್ತೀನಿ” ಅಂದಳು. ಸರಿ, ಮುಂದೆ ಹೋಗೋಣ.

ಸಿಂದಗಿಯ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಬಸ್ಸುಗಳ ಊರು ಅದು. ವಿಜಯಪುರ-ಕಲಬುರಗಿ ಹೆದ್ದಾರಿ ಊರ ನಡುವೆಯೇ ಹಾದಿರುವುದರಿಂದ ರಾತ್ರಿ ಯಾವ ಹೊತ್ತಿಗೂ ಯಾವುದೋ ಒಂದು ಗಾಡಿ ಸಿಗುತ್ತದೆ. ವಿಜಯಪುರ ಸುಮಾರು ಅರವತ್ತು ಕಿಲೋಮೀಟರ್. ರೈಲು ಇಲ್ಲ. ತೊಗರಿ, ಹತ್ತಿ, ಕಬ್ಬು, ಅದರ ವ್ಯಾಪಾರ, ಅದರ ಲಾರಿ, ಅದರ ಧೂಳು. ದಾರಿಯಲ್ಲಿ ದೇವರ ಹಿಪ್ಪರಗಿ ಬರುತ್ತದೆ, ಮಡಿವಾಳ ಮಾಚಿದೇವರ ಊರು. ಸಂಶೋಧಕ ಎಂ.ಎಂ. ಕಲಬುರ್ಗಿಯವರೂ ಈ ಸಿಂದಗಿ ಸೀಮೆಯ ಮಣ್ಣಿನವರೇ. ಅವರನ್ನು 2015ರ ಆಗಸ್ಟ್ 30ರಂದು ಗುಂಡಿಟ್ಟು ಕೊಂದದ್ದು ಭೀಮಾ ತೀರದಲ್ಲಲ್ಲ, ವಿದ್ಯಾನಗರಿ ಧಾರವಾಡದಲ್ಲಿ, ಅವರ ಮನೆ ಬಾಗಿಲಲ್ಲೇ. ‘ಹುಷಾರು ಮಾರಾಯ’ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಮನೆ ಹುಡುಕುವ ಕೆಲಸ ಸಿಂದಗಿಯಲ್ಲಿ ಬೇಗ ಆಯಿತು. ಎರಡು ಕೋಣೆ, ಮುಂದೆ ಕಟ್ಟೆ, ಹಿಂದೆ ಬಚ್ಚಲು, ಬೆಂಗಳೂರಿನ ಬಾಡಿಗೆಯ ಅರ್ಧಕ್ಕಿಂತ ಕಡಿಮೆ. ಮೊಬೈಲ್ ಸಿಗ್ನಲ್ ಪೂರ್ತಿ. ಲೇಖನ ಕಳಿಸುವುದಕ್ಕೆ ನನಗೆ ಇನ್ನೇನು ಬೇಕು? ಆದರೆ ಮನೆಯ ಯಜಮಾನಿ ನಲ್ಲಿ ತೋರಿಸಿ, “ನೀರು ದಿನಾ ಬರಂಗಿಲ್ಲಪ್ಪ, ಬಂದ ದಿನ ಎಲ್ಲ ತುಂಬಿ ಇಟ್ಕೋಬೇಕು” ಎಂದು ಮೊದಲೇ ಹೇಳಿಬಿಟ್ಟರು. ಅಡ್ವಾನ್ಸ್ ಆಸೆಗೆ ಬಾಯಿ ಮುಚ್ಚಿಕೊಳ್ಳದೆ ಹೇಳಿದ ಆ ತಾಯಿ ಬಗ್ಗೆ ಗೌರವ ಬಂತು. ನನ್ನ ಪಟ್ಟಿಯಲ್ಲಿ ‘ನೀರು’ ಎಂಬಲ್ಲಿ ಕಾಟು ಬಿತ್ತು.

ಸಿಂದಗಿಯಿಂದ ತಾಳಿಕೋಟಿ ಮೇಲೆ ಮುದ್ದೇಬಿಹಾಳಕ್ಕೆ. ದಾರಿಯ ಎರಡೂ ಬದಿ ಎರಿ ಹೊಲ, ಕಣ್ಣು ಹಾಯುವವರೆಗೆ ಒಂದು ಮರದ ನೆರಳಿಲ್ಲ. ಡೋಣಿ ನದಿ ಈ ಕಡೆಯದ್ದೇ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ್ದು ಇದರ ದಂಡೆಯ ಕಪ್ಪು ಮಣ್ಣಿನಿಂದ. ಅದೇ ಡೋಣಿ ಮಳೆಗಾಲದಲ್ಲಿ ಸೊಕ್ಕಿದರೆ ರಸ್ತೆ ಕಟ್ಟು, ಶಾಲೆಗೆ ಹೋದ ಮಾಸ್ತರು ಆಚೆ ದಂಡೆಯಲ್ಲೇ! ತಾಳಿಕೋಟಿಯ ಹೆಸರನ್ನು ನೀವು ಐದನೇ ಇಯತ್ತೆಯಲ್ಲೇ ಬಾಯಿಪಾಠ ಮಾಡಿದ್ದೀರಿ, 1565. ವಿಜಯನಗರ ಬಿದ್ದ ಯುದ್ಧ. ಕಾದಾಟ ನಡೆದದ್ದು ಈ ಊರಿನಲ್ಲಲ್ಲ, ಕೃಷ್ಣೆಯ ದಂಡೆಯ ಕಡೆಗೆ. ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರು ಸೇರಿ ಅದಕ್ಕೆ ‘ರಕ್ಕಸ ತಂಗಡಗಿ’ ಎಂಬ ಹೆಸರೂ ಇದೆ. ಆದರೆ ಟೈಟಲ್ ಕಾರ್ಡಿನಲ್ಲಿ ಮಿಂಚಿದ್ದು ತಾಳಿಕೋಟಿ. ಫೈಟು ಮಾಡಿದ್ದು ಡೂಪು, ಹೆಸರು ಹೀರೋಗೆ!

ತಂಗಡಗಿಗೆ ಮಾತ್ರ ಹೋಗಿ ಬಂದೆ. ಬಸವಣ್ಣನವರ ಮಡದಿ ನೀಲಮ್ಮ ಐಕ್ಯರಾದ ಸ್ಥಳ ಎಂದು ಹೇಳುತ್ತಾರೆ. ಕೃಷ್ಣೆ ಅಲ್ಲಿ ಅಗಲವಾಗಿ, ಸದ್ದಿಲ್ಲದೆ ಇದ್ದಳು. ನನ್ನ ನಾಲ್ಕು ದಿನದ ತಿರುಗಾಟದಲ್ಲಿ ಮನಸ್ಸಿಗೆ ತಂಪು ಅನಿಸಿದ್ದು ಅದೊಂದೇ ಗಳಿಗೆ. ಮುದ್ದೇಬಿಹಾಳದ ಮಂದಿಯೂ ಹಾಗೆಯೇ, ಅವಸರ ಇಲ್ಲದವರು. ಚಹಾದಂಗಡಿಯ ಹುಡುಗ ನಾನು ಸಿನಿಮಾ ಪತ್ರಕರ್ತ ಎಂದು ತಿಳಿದ ಕೂಡಲೆ ಎರಡನೇ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. “ಸರ, ದರ್ಶನ್ ಅವ್ರನ್ನ ಖರೇನ ನೋಡೀರೇನ್ರಿ? ಸುದೀಪ್ ಅವ್ರನ್ನ?” ಅವನ ಗೆಳೆಯರೆಲ್ಲ ಬಂದು ಸುತ್ತ ನಿಂತರು. ಬೆಂಗಳೂರಿನಲ್ಲಿ ಪ್ರೆಸ್ ಮೀಟಿನ ಊಟದ ಸಾಲಿನಲ್ಲಿ ಹಿಂದಿನಿಂದ ತಳ್ಳಿಸಿಕೊಳ್ಳುವ ನಾನು ಅಲ್ಲಿ ಅರ್ಧ ಗಂಟೆ ಸ್ಟಾರ್!

ಆದರೆ ಮುದ್ದೇಬಿಹಾಳ ದೂರ. ಜಿಲ್ಲಾ ಕೇಂದ್ರಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. ರೈಲಿಗೆ ಆಲಮಟ್ಟಿಗೆ ಹೋಗಬೇಕು. ಅವ್ವನಿಗೆ ನಡುರಾತ್ರಿ ಎದೆ ಹಿಡಿದರೆ? ವಿಜಯಪುರದ ದೊಡ್ಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮುಟ್ಟುವುದು ಯಾವಾಗ? ಚಹಾದ ಹುಡುಗನ ಪ್ರೀತಿ ಒಂದು ತಕ್ಕಡಿಯಲ್ಲಿ, ಈ ಪ್ರಶ್ನೆ ಇನ್ನೊಂದರಲ್ಲಿ. ತಕ್ಕಡಿ ಎತ್ತ ವಾಲಿತು ಎಂದು ಬೇರೆ ಹೇಳಬೇಕೆ?

ಆಲಮಟ್ಟಿಯಲ್ಲಿ ಅರ್ಧ ದಿನ ಕಳೆದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ ಅಣೆಕಟ್ಟು ಇದು, ಜಲಾಶಯಕ್ಕೂ ಅವರದೇ ಹೆಸರು. ಈಗ ನೀರು ನಿಲ್ಲುವುದು 519.60 ಮೀಟರಿಗೆ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ನಡುವಿನ ಆ ನಾಲ್ಕೂವರೆ ಮೀಟರ್ ಚಿಲ್ಲರೆಯಲ್ಲಿ ಹಳ್ಳಿಗಳ ಹಣೆಬರಹ ಇದೆ. ಉದ್ಯಾನದಲ್ಲಿ ಹೊಸ ಜೋಡಿಗಳು ಸೆಲ್ಫಿ ತೆಗೆದುಕೊಳ್ಳುತ್ತಿದ್ದವು. ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜ ನೀರಿನ ಕಡೆ ಕೈ ತೋರಿಸಿ, “ನಮ್ಮ ಮನಿ ಅಲ್ಲೈತಿ” ಅಂದರು. ‘ಇತ್ತು’ ಅನ್ನಲಿಲ್ಲ, ‘ಐತಿ’ ಅಂದರು. ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಕೊಟ್ಟಿದ್ದಾರೆ, ರಸ್ತೆ ನೆಟ್ಟಗಿದೆ, ಕರೆಂಟು ಇದೆ, ಆದರೆ ಯಾರ ಮನೆ ಪಕ್ಕ ಯಾರ ಮನೆ ಎಂಬುದು ಕಲಸಿಹೋಗಿದೆಯಂತೆ. “ಹೊಸ ಊರಿಗಿ ಹೋಗಾಕ ನಮ್ಮನ್ನ ಯಾರೂ ಕೇಳಲಿಲ್ಲ ತಮ್ಮಾ. ನಿನಗ ನಾಕ ಊರು ಆರಿಸು ಅಂದಾರ. ನಿನ್ನ ನಸೀಬ ಚಲೋ ಐತಿ.” ಅವರ ಎದುರು ನನ್ನ ಲಾಭ-ನಷ್ಟದ ಪಟ್ಟಿಯನ್ನು ಜೇಬಿನಿಂದ ತೆಗೆಯಲು ಮನಸ್ಸಾಗಲಿಲ್ಲ.

ಕೊನೆಗೆ ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ಊರು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ಹಳೆಯ ಅಭಿಮಾನಿಗಳಿಗೆ ನೆನಪಿದ್ದೀತು. ಹೊನ್ನಪ್ಪ ಭಾಗವತರು ಬಸವಣ್ಣ, ನಮ್ಮ ಅಣ್ಣಾವ್ರು ಬಿಜ್ಜಳ! ಬಸವಣ್ಣನ ಊರಿಗೆ ಬಂದವನಿಗೆ ಬಿಜ್ಜಳನ ಮುಖವೇ ಕಣ್ಮುಂದೆ ಬಂತೆಂದರೆ ತಪ್ಪು ನನ್ನದಲ್ಲ, ರಾಜಕುಮಾರರದ್ದು. ಬಸವಣ್ಣನವರೂ ಊರು ಬಿಟ್ಟವರೇ ಅಲ್ಲವೆ? ಬಾಗೇವಾಡಿಯಿಂದ ಕೂಡಲಸಂಗಮ, ಆಮೇಲೆ ಮಂಗಳವೇಡೆ, ಕಲ್ಯಾಣ. 2024ರ ಜನವರಿಯಲ್ಲಿ ರಾಜ್ಯ ಸರಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು.

ಈ ಊರಲ್ಲಿ ಮೊದಲು ನೋಡಿದ ಮನೆ ನನಗೆ ತುಂಬ ಹಿಡಿಸಿತ್ತು. ಗುಡಿಗೆ ಹತ್ತಿರ, ಅವ್ವನಿಗೆ ಸಂಜೆ ಹೋಗಿ ಕೂರಲು ಅನುಕೂಲ. ಮಾಲೀಕರು ಬಾಡಿಗೆ ಹೇಳಿದರು, ಒಪ್ಪಿದೆ. ಆಮೇಲೆ ಮೆಲ್ಲಗೆ, “ತಪ್ ತಿಳ್ಕೋಬ್ಯಾಡ್ರಿ... ನೀವು ಯಾವ ಪೈಕಿ?” ಇದೇ ಪ್ರಶ್ನೆಯನ್ನು ಶ್ರೀರಾಮಪುರದಲ್ಲಿ, ಮಲ್ಲೇಶ್ವರದಲ್ಲಿ ಕೇಳಿಸಿಕೊಂಡವನೇ ನಾನು. ಆದರೆ ಬಾಗೇವಾಡಿಯಲ್ಲಿ! ಇದೇ ಮಣ್ಣಿನ ಮಗ ಈ ಪ್ರಶ್ನೆಗೆ ಒಂದು ವಚನದಲ್ಲಿ ಉತ್ತರ ಕೊಟ್ಟಿದ್ದಾರೆ. ಅದು ಯಾವುದೆಂದು ಅವರಿಗೂ ಗೊತ್ತು, ನಿಮಗೂ ಗೊತ್ತು. ಅವರ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಫೋಟೋ ಇತ್ತು. ನಾನು ಫೋಟೋ ನೋಡಿದೆ, ಅವರೂ ನೋಡಿದರು. ಇಬ್ಬರೂ ಮಾತಾಡಲಿಲ್ಲ. ಹೊರಗೆ ಬಂದೆ.

ಎರಡನೆಯ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: “ಟೀಚರಮ್ಮ ಆದ್ರ ನಮ್ಮ ಹುಡುಗಿಗಿ ಸಂಜಿ ಮುಂದ ಗಣಿತ ಹೇಳಿಕೊಡ್ತಾರೇನ್ರಿ?” ಹೇಳಿಕೊಡ್ತಾರೆ ಎಂದೆ. ಹೆಂಡತಿಯನ್ನು ಕೇಳದೆ ಕೊಟ್ಟ ಮಾತು ಅದು!

ಬಾಗೇವಾಡಿಯಿಂದ ವಿಜಯಪುರ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ನಾಲ್ಕರಲ್ಲಿ ಇದೇ ಹತ್ತಿರ. ರೈಲು ನಿಲ್ದಾಣಕ್ಕೆ ಇಲ್ಲಿಯೂ ‘ರೋಡ್’ ಬಾಲ ಇದೆ. ಇರಲಿ. ಕೃಷ್ಣೆ ಪಕ್ಕದಲ್ಲೇ. ಮುಳವಾಡ ಏತ ನೀರಾವರಿಯ ನೀರಿನಿಂದ ಕೆರೆ ತುಂಬಿಸುತ್ತಾರೆ. ಕೂಡಗಿಯ 2400 ಮೆಗಾವ್ಯಾಟಿನ ಎನ್‌ಟಿಪಿಸಿ ಸ್ಥಾವರ ಇಲ್ಲಿಂದ ಹತ್ತಿರ. ಕೆಲಸ ಸಿಕ್ಕವರು ಹೊಗಳುತ್ತಾರೆ, ಬೂದಿಗೆ ಹೆದರುವವರು ಬೈಯುತ್ತಾರೆ. 2014ರಲ್ಲಿ ಅಲ್ಲಿ ರೈತರ ಹೋರಾಟದ ಮೇಲೆ ಗುಂಡು ಹಾರಿದ್ದನ್ನು ಮಂದಿ ಇನ್ನೂ ಮರೆತಿಲ್ಲ. ಇದೇ ತಾಲೂಕಿನಿಂದ ಒಡೆದು ಬೇರೆಯಾದ ಕೊಲ್ಹಾರದ ಮೊಸರಿನ ಬಗ್ಗೆ ಮಾತ್ರ ಯಾರದ್ದೂ ತಕರಾರಿಲ್ಲ. ಮಣ್ಣಿನ ಗಡಿಗೆಯ ಮೊಸರು, ಚಾಕುವಿನಿಂದ ಕೊಯ್ಯಬೇಕು ಅನ್ನುವಷ್ಟು ಗಟ್ಟಿ. ಹಳೆಯ ಕೊಲ್ಹಾರ ಹಿನ್ನೀರಿನಲ್ಲಿ ಮುಳುಗಿತು. ಮೊಸರು ಮಾತ್ರ ಹೊಸ ಊರಿಗೂ ಜೊತೆಗೆ ಬಂತು.

ಇನ್ನು ನನ್ನ ವೈಯಕ್ತಿಕ ನಷ್ಟದ ಬಾಬತ್ತು. ಮುಹೂರ್ತಗಳಿಲ್ಲ, ಪ್ರೆಸ್ ಶೋ ಇಲ್ಲ, ನಟರ ಮನೆ ಬಾಗಿಲಲ್ಲಿ ಕಾಯುವ ಭಾಗ್ಯ ಇಲ್ಲ. ಸಂದರ್ಶನ ಫೋನಿನಲ್ಲೇ ಆಗಬೇಕು. ಹೊಸ ಮುಖಗಳು ಸಿಕ್ಕಾರು, ದೊಡ್ಡವರು ಫೋನ್ ಎತ್ತುವುದಿಲ್ಲ. ನಲವತ್ತು ದಾಟುವ ಬಿಸಿಲು ಬೇರೆ. ಊರವರ ಬಾಯಲ್ಲಿ ‘ಟೀಚರಮ್ಮನ ಗಂಡ’ ಎಂಬ ಬಿರುದು ಖಾಯಂ. ಸರಕಾರ 2023ರ ಜೂನ್‌ನಲ್ಲಿ ಶುರುಮಾಡಿದ ‘ಶಕ್ತಿ’ ಯೋಜನೆಯಲ್ಲಿ ಆಕೆಗೂ ಅವ್ವನಿಗೂ ಬಸ್ಸು ಪುಕ್ಕಟೆ. ಅವರ ಜೊತೆ ಹೋಗುವ ನನಗೊಬ್ಬನಿಗೇ ಟಿಕೇಟು! ಲಾಭವೆಂದರೆ, ಗಾಂಧಿನಗರದಲ್ಲಿ ಕೂತವರು ‘ಉತ್ತರ ಕರ್ನಾಟಕದ ಪ್ರೇಕ್ಷಕ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುವ ಮಂದಿಯ ನಡುವೆ ಕೂತು ಪಿಕ್ಚರ್ ನೋಡಬಹುದು. ಸೀಟಿ ಎಲ್ಲಿ ಬೀಳುತ್ತದೆ, ಬೀಡಿ ಸೇದಲು ಎಲ್ಲಿ ಎದ್ದು ಹೋಗುತ್ತಾರೆ ಎಂದು ಬರೆಯಬಹುದು. ಜಾತ್ರೆಗೆ ಬರುವ ನಾಟಕ ಕಂಪನಿಗಳ ರಂಗದ ಹಿಂದೆ ಹೋಗಿ ಕೂರಬಹುದು. ಬೆಂಗಳೂರಿನಲ್ಲಿ ನನ್ನಂಥವರು ನೂರು ಮಂದಿ ಇದ್ದಾರೆ. ಅಲ್ಲಿ ಒಬ್ಬನೇ.

ತಿರುಗಿ ಬಂದು ಎಲ್ಲ ಹೇಳಿದೆ. ಮೊದಲ ಮನೆಯ ಪ್ರಶ್ನೆಯನ್ನೂ ಮುಚ್ಚಿಡಲಿಲ್ಲ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು. ಒಂದು, ಬಸವನ ಬಾಗೇವಾಡಿ. ಎರಡು, ಇಂಡಿ. ಮೂರು, ಸಿಂದಗಿ. ನಾಲ್ಕು, ಮುದ್ದೇಬಿಹಾಳ.

“ಆ ಪ್ರಶ್ನೆ ಕೇಳಿದ ಊರೇ ಮೊದಲಾ?” ಅಂದೆ.

“ಅವರ ಮಕ್ಕಳು ನನ್ನ ಶಾಲೆಗೇ ಬರ್ತಾರಲ್ರೀ” ಅಂದಳು.

ಕೌನ್ಸೆಲಿಂಗ್ ಮುಂದಿನ ವಾರ. ನಮ್ಮ ರ್‍ಯಾಂಕಿಗಿಂತ ಮುಂದೆ ಇರುವವರೆಲ್ಲ ಬಾಗೇವಾಡಿಯನ್ನೇ ಆರಿಸಿಕೊಂಡುಬಿಟ್ಟರೆ ನಿಂಬೆಹಣ್ಣಿನ ಊರು. ಅದೂ ಹೋದರೆ ನೀರು ತುಂಬಿಡಲು ಎರಡು ಡ್ರಮ್ಮು ಕೊಳ್ಳಬೇಕು. ಶ್ರೀರಾಮಪುರದ ಮಾಲೀಕರಿಗೆ ಮನೆ ಬಿಡುವ ವಿಷಯ ಹೇಳಿಯಾಗಿದೆ. ಅವ್ವ ಟ್ರಂಕು ಒರೆಸಿ ಇಟ್ಟಿದ್ದಾಳಂತೆ. ಓದುಗ ಮಿತ್ರರೇ, ಮುಂದಿನ ಲೇಖನದ ಕೊನೆಯಲ್ಲಿ ನನ್ನ ಹೆಸರಿನ ಕೆಳಗೆ ಯಾವ ಊರು ಅಚ್ಚಾಗಿದೆ ಎಂದು ಒಮ್ಮೆ ನೋಡಿಕೊಳ್ಳಿ.